ಒಳಗೋ ಹೊರಗೋ ಎಂದು ಕೇಳುತ್ತಿದ್ದ ಆಪಾ

ಕುರ್ಲಾ ಸ್ಟೇಷನ್ನಿನ ಪೂರ್ವಕ್ಕೆ ಇಳಿದು, ಚಪ್ಪಲಿ ಅಂಗಡಿಗಳ ಸಾಲು ದಾಟಿ, ಹಳೆಯ ಬಿಲ್ಡಿಂಗೊಂದರ ಮೆಟ್ಟಿಲು ಹತ್ತಿದರೆ ನಮ್ಮ ಕಂಪ್ಯೂಟರ್ ಕ್ಲಾಸು. ಕೆಲವು ವರ್ಷಗಳ ಹಿಂದೆ ಆ ಮೆಟ್ಟಿಲು ಹತ್ತಿ ಬಂದವರಿಗೆ ಬಾಗಿಲಲ್ಲೇ ಒಂದು ವಿಚಿತ್ರ ಮಾತು ಕೇಳಿಸುತ್ತಿತ್ತು. ಒಳಗೆ ಒಬ್ಬ ಹೆಂಗಸು ಅಪ್ಪಟ ವಿಜಯಪುರದ ಕನ್ನಡದಲ್ಲಿ “ಎಲ್ಲಿ ಅದೀ?” ಎಂದು ಕೇಳುತ್ತಿದ್ದರು. ಕನ್ನಡದ ಗಂಧಗಾಳಿಯೂ ಇಲ್ಲದ ಜೌನ್‌ಪುರದ ಹುಡುಗನೋ ರತ್ನಾಗಿರಿಯ ಹುಡುಗಿಯೋ “ಒಳಗ” ಎಂದು ಉತ್ತರ ಕೊಡುತ್ತಿದ್ದರು. ಕೆಲವೊಮ್ಮೆ “ಹೊರಗ”. ಪಾಠವೆಲ್ಲ ನಡೆಯುತ್ತಿದ್ದದ್ದು ಹಿಂದಿಯಲ್ಲಿ, ನಡುನಡುವೆ ಮರಾಠಿ ಮತ್ತು ಇಂಗ್ಲಿಷು. ಇದೊಂದು ಪ್ರಶ್ನೆ, ಇದರ ಎರಡು ಉತ್ತರ ಮಾತ್ರ ಕನ್ನಡದಲ್ಲಿ.

ಹಾಗೆ ಕೇಳುತ್ತಿದ್ದವರು ನಮ್ಮಲ್ಲಿ ಸರ್ವರ್ ವಿಷಯ ಕಲಿಸುತ್ತಿದ್ದ ಆಪಾ. ಆಪಾ ಎಂದರೆ ಅಕ್ಕ. ಹುಡುಗರು ಹಾಗೆ ಕರೆಯುತ್ತಿದ್ದರು, ಅವರ ಬಾಯಿಂದ ನನ್ನ ಬಾಯಿಗೂ ಬಂತು. ಈ ಸಲದ ಮಳೆಗಾಲಕ್ಕೆ ಮೊದಲು ಅವರು ತೀರಿಕೊಂಡರು. ಅವರ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸತ್ತವರ ಮೇಲೆ ಸಿಟ್ಟು ಮಾಡುವುದು ಸರಿಯಲ್ಲ ಎಂದು ಗೊತ್ತು. ಆದರೆ ಬದುಕಿದ್ದಾಗಲೂ ನಾನು ಅವರ ಜೊತೆ ಜಗಳವಾಡಿದ್ದೇ ಹೆಚ್ಚು, ಈಗ ಇದ್ದಕ್ಕಿದ್ದಂತೆ ಒಳ್ಳೆಯವನಾದರೆ ಅವರೇ ನಂಬಲಿಕ್ಕಿಲ್ಲ.

ನಾನು ಚೆಂಬೂರಿನವನು, ಮನೆಯಲ್ಲಿ ತುಳು. ನನ್ನ ಕನ್ನಡ ಕೇಳಿ ಆಪಾ ನಗುತ್ತಿದ್ದರು, ಪಠ್ಯಪುಸ್ತಕ ಮಾತಾಡಿದ ಹಾಗಿದೆ ಎನ್ನುತ್ತಿದ್ದರು. ಕೇಬಲ್ ಕಟ್ಟುವುದು, ಕೆಟ್ಟ ಕಂಪ್ಯೂಟರ್ ಬಿಚ್ಚಿ ಜೋಡಿಸುವುದು ನಾನು ಕಲಿಸುವ ಪಾಠ. ಒಂದೇ ಸ್ಟಾಫ್ ರೂಮು, ಒಂದೇ ಮೇಜು. ಮಧ್ಯಾಹ್ನ ಅವರು ಡಬ್ಬಿ ಬಿಚ್ಚಿ ಜೋಳದ ರೊಟ್ಟಿಯ ಅರ್ಧ ನನ್ನ ಕಡೆ ಸರಿಸುತ್ತಿದ್ದರು. ಬೇಡ ಎಂದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ನನಗೆ ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಆದರೂ ಅವರಿದ್ದಷ್ಟು ದಿನ ತಿಂದೆ.

ಆ ಕನ್ನಡ ಪ್ರಶ್ನೆಯ ಬಗ್ಗೆ ಒಮ್ಮೆ ಕೇಳಿದ್ದೆ. ಹುಡುಗರಿಗೆ ಯಾಕೆ ಈ ಕಷ್ಟ, ಹಿಂದಿಯಲ್ಲೇ ಕೇಳಬಾರದೇ ಎಂದು.

“ಅಂದರ್ ಅಂತ ಕೇಳಿದ್ರ ಬಾಯಿ ತಾನ ಹೇಳತೈತಿ, ತಮ್ಮಾ. ಒಳಗ ಅನ್ನಾಕ ಒಂದು ಗಳಿಗಿ ತಲಿ ಓಡಸಬೇಕು. ಆ ಒಂದು ಗಳಿಗಿ ನನಗ ಬೇಕು” ಎಂದರು.

ಈ ಒಳಗು ಹೊರಗು ಏನೆಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆಪಾ ಮದುವೆಯಾಗಿ ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಹಳ್ಳಿಯಿಂದ ಕುರ್ಲಾದ ಚಾಳಿಗೆ ಬಂದವರು. ಗಂಡ ಫ್ರಿಜ್, ಎಸಿ ರಿಪೇರಿ ಮಾಡುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಮಗನನ್ನು ಅತ್ತೆಯ ಬಳಿ ಬಿಟ್ಟು ಕಂಪ್ಯೂಟರ್ ಕಲಿತು, ಯಾವುದೋ ಕಂಪನಿಯ ಸರ್ವರ್ ರೂಮಿಗೆ ಕೆಲಸಕ್ಕೆ ಸೇರಿದರು. ಅಲ್ಲಿ ಬಹಳ ಕಾಲ ಯಾವ ಯಂತ್ರವನ್ನೂ ಮುಟ್ಟಲು ಬಿಡಲಿಲ್ಲ. ನೋಡಿ ಕಲಿ ಎಂದರು, ಮುಟ್ಟಿ ಕೆಡಿಸಿದರೆ ಮನೆಗೆ ಹೋಗಬೇಕಾಗುತ್ತದೆ ಎಂದೂ ಹೇಳಿದರು. ಬೇರೆಯವರ ಬೆನ್ನ ಹಿಂದೆ ನಿಂತು, ಅವರ ಭುಜದ ಮೇಲಿಂದ ಇಣುಕಿ ಕಲಿತವರು ಆಪಾ. ಅದು ಅವರ ಮನಸ್ಸಿನಿಂದ ಹೋಗಲೇ ಇಲ್ಲ. ನಮ್ಮ ಕ್ಲಾಸಿಗೆ ಪಾಠ ಮಾಡಲು ಬಂದ ಮೊದಲ ದಿನವೇ ಮಾಲಕರ ಎದುರು ಕೂತು, ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದೊಂದು ಸರ್ವರ್ ಬೇಕು ಎಂದರು.

ಮಾಲಕರು ಉಡುಪಿಯ ಕಡೆಯವರು, ಮೊದಲು ಹೋಟೆಲು ನಡೆಸುತ್ತಿದ್ದವರು. ಅವರಿಗೆ ಎಷ್ಟು ಕುರ್ಚಿ, ಎಷ್ಟು ಗಿರಾಕಿ ಎಂಬ ಲೆಕ್ಕ ಚೆನ್ನಾಗಿ ಗೊತ್ತು. ಒಬ್ಬೊಬ್ಬರಿಗೆ ಒಂದೊಂದು ಸರ್ವರ್ ಎಂದರೆ ಕೆಂಡ ಮುಟ್ಟಿದ ಹಾಗೆ ಕೈ ಹಿಂದಕ್ಕೆಳೆದರು. ಆಗ ಆಪಾ ಬೇರೊಂದು ದಾರಿ ಹೇಳಿದರು. ಇಂಟರ್‌ನೆಟ್ ಮೇಲೆ ಒಂದೇ ಒಂದು ದೊಡ್ಡ ವರ್ಚುವಲ್ ಸರ್ವರ್ ಬಾಡಿಗೆಗೆ ತೆಗೆದುಕೊಳ್ಳೋಣ, ಅದರೊಳಗೆ ಪುಟ್ಟ ಪುಟ್ಟ ಸರ್ವರ್‌ಗಳನ್ನು ಎಬ್ಬಿಸಿ ಹುಡುಗರಿಗೆ ಹಂಚೋಣ ಎಂದು.

“ಎಂತದು ಮಾರಾಯ್ರೆ ಅದು, ಮಿಷನಿನೊಳಗೆ ಮಿಷನು?” ಎಂದರು ಮಾಲಕರು.

ಆಪಾ ಚಾಳಿನ ಭಾಷೆಯಲ್ಲೇ ವಿವರಿಸಿದರು. ನಾವೊಂದು ಖೋಲಿ, ಅಂದರೆ ಕೋಣೆ, ಬಾಡಿಗೆಗೆ ಹಿಡಿದಿದ್ದೇವೆ, ಅದರೊಳಗೆ ಪರದೆ ಕಟ್ಟಿ ಪೇಯಿಂಗ್ ಗೆಸ್ಟ್ ಇಟ್ಟುಕೊಳ್ಳಬೇಕು. ಹಾಗೆ ಇಟ್ಟುಕೊಳ್ಳಲು ಖೋಲಿಯ ಯಜಮಾನ ಒಪ್ಪಬೇಕು. ಬಾಡಿಗೆ ಸರ್ವರ್ ಕೊಡುವವರೂ ಹಾಗೆಯೇ, ಒಳಗೆ ಇನ್ನೊಂದು ಎಬ್ಬಿಸುವ ಅಧಿಕಾರವನ್ನು ಕೇಳದೆ ಕೊಡುವುದಿಲ್ಲ. ಒಪ್ಪಿಕೊಂಡರೆ ಹುಡುಗರು ತಮ್ಮ ತಮ್ಮ ಪರದೆಯೊಳಗೆ ಏನು ಬೇಕಾದರೂ ಒಡೆಯಬಹುದು, ಖೋಲಿಯ ಗೋಡೆಗೆ ಏನೂ ಆಗುವುದಿಲ್ಲ. ಇದು ಮಾಲಕರ ತಲೆಗೆ ಹೋಯಿತು. ಮುಂಬಯಿಯಲ್ಲಿ ಪೇಯಿಂಗ್ ಗೆಸ್ಟ್ ಎಂದರೆ ಯಾರಿಗೆ ಅರ್ಥವಾಗುವುದಿಲ್ಲ? ಆದರೂ, ಒಡೆಯಲಿಕ್ಕೆಂದೇ ಯಾಕೆ ಕೊಡಬೇಕು ಎಂದು ಕೇಳಿದರು.

“ಕೆಡಸಾಕ ಒಂದು ಜಾಗಾ ಬೇಕ್ರಿ. ಕೆಡಸಲಾರದ ಯಾರು ಕಲತಾರ?”

ಒಂದು ಬ್ಯಾಚು ನೋಡುವ ಎಂದರು ಮಾಲಕರು. ಆ ಬ್ಯಾಚಿನ ಕೊನೆಗೆ ಒಂದು ಕಂಪನಿಯವರು ಬಂದು ಪ್ರಾಯೋಗಿಕ ಪರೀಕ್ಷೆ ಮಾಡಿ ಕೆಲಸಕ್ಕೆ ಆರಿಸಿಕೊಳ್ಳುವವರಿದ್ದರು. ಹುಡುಗರು ಅದರಲ್ಲಿ ಪಾಸಾದರೆ ಸರ್ವರ್ ಕ್ಲಾಸು ಉಳಿಯುತ್ತದೆ, ಇಲ್ಲದಿದ್ದರೆ ಆ ರೂಮಿನಲ್ಲಿ ಮತ್ತೆ ಟೈಪಿಂಗು, ಎಕ್ಸೆಲ್ಲು. ಇದು ಅವರ ಷರತ್ತು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ.

ಒಳಗೆ ಸರ್ವರ್ ಎಬ್ಬಿಸುವ ಆ ಅಧಿಕಾರ ಸಿಗಲು ನಾವು ಪಟ್ಟ ಪಾಡು ಒಂದೆರಡಲ್ಲ. ಬಾಡಿಗೆಗೆ ಕೊಟ್ಟವರು ತಮ್ಮ ಕಡೆಯಿಂದ ಚಾಲೂ ಮಾಡಿದ್ದೇವೆ, ರೀಸ್ಟಾರ್ಟ್ ಮಾಡಿ ನೋಡಿ ಎನ್ನುತ್ತಿದ್ದರು. ಆಪಾ ರೀಸ್ಟಾರ್ಟ್ ಮಾಡುತ್ತಿದ್ದರು. ಒಳಗೆ ಪುಟ್ಟ ಸರ್ವರ್ ಎಬ್ಬಿಸಲು ಹೋದರೆ ಆಗುವುದಿಲ್ಲ ಎಂಬ ಅದೇ ಸಾಲು. ಮತ್ತೆ ಫೋನು, ಮತ್ತೆ ಅದೇ ಉತ್ತರ. ನಾನು ಆ ಕಂಪನಿಯವರನ್ನೆಲ್ಲ ಬೈದೆ. ಕೊನೆಗೆ ಅವರಲ್ಲೇ ಒಬ್ಬ ಹುಡುಗಿ, ದನಿ ಕೇಳಿದರೆ ಹೊಸಬಳು, ಒಂದು ಮಾತು ಹೇಳಿದಳು. ಒಳಗಿನಿಂದ ರೀಸ್ಟಾರ್ಟ್ ಮಾಡಿದರೆ ಸರ್ವರ್ ಎದ್ದು ಅದೇ ಜಾಗದಲ್ಲಿ ಮತ್ತೆ ಕೂತ ಹಾಗೆ, ಹೊಸ ಅಧಿಕಾರ ಅದಕ್ಕೆ ಸಿಗುವುದಿಲ್ಲ. ಪೂರ್ತಿ ಆರಿಸಿ, ಆಮೇಲೆ ಹೊರಗೆ ನಮ್ಮ ವೆಬ್‌ಸೈಟಿನಲ್ಲಿರುವ ಪ್ಯಾನೆಲ್ಲಿನಿಂದ ಹೊಸದಾಗಿ ಚಾಲೂ ಮಾಡಿ ಎಂದು. ಹಾಗೆ ಮಾಡಿದಾಗ ಒಳಗಿನ ಮೊದಲ ಸರ್ವರ್ ಎದ್ದಿತು. ಆಪಾ ಆ ಹುಡುಗಿಗೆ ಫೋನಿನಲ್ಲೇ ದುವಾ ಕೊಟ್ಟರು. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲವಲ್ಲ ಎಂದು ಆ ದಿನವೆಲ್ಲ ಮುಖ ಸಣ್ಣ ಮಾಡಿಕೊಂಡಿದ್ದರು.

ಅಲ್ಲಿಂದ ಒಳಗ, ಹೊರಗ ಶುರುವಾಯಿತು. ಕಂಪ್ಯೂಟರಿನ ಪರದೆಯ ಮೇಲೆ ಬಾಡಿಗೆ ಸರ್ವರಿನ ಕಿಟಕಿಗೆ ಕೆಂಪು ಪಟ್ಟಿ, ಒಳಗಿನ ಪುಟ್ಟ ಸರ್ವರಿಗೆ ಹಸಿರು ಪಟ್ಟಿ. ಅಕ್ಷರಗಳು ಎರಡರಲ್ಲೂ ಒಂದೇ ತರಹ ಕಾಣುತ್ತವೆ, ಪಟ್ಟಿ ನೋಡದಿದ್ದರೆ ಎಲ್ಲಿದ್ದೇವೆಂದು ಮರೆತುಹೋಗುತ್ತದೆ. ಒಳಗೆ ಅಳಿಸಬೇಕಾದ್ದನ್ನು ಹೊರಗೆ ಅಳಿಸಿದರೆ ಎಲ್ಲರದ್ದೂ ಹೋಯಿತು. ಹಾಗಾಗಿ ಯಾರಾದರೂ ಎಂಟರ್ ಒತ್ತುವ ಮೊದಲು ಆಪಾ ಕೇಳಬೇಕು, ಅವರು ಹೇಳಬೇಕು. ಆಮೇಲೆ ಆಪಾ “ಹಂಗಾರ ಹೊಡಿ” ಎನ್ನುತ್ತಿದ್ದರು. ಹುಡುಗರು ಕ್ಯಾಂಟೀನಿನಲ್ಲಿ ವಡಾಪಾವ್ ಬಾಯಿಗಿಡುವ ಮೊದಲೂ ತಮಾಷೆಗೆ ಒಬ್ಬರಿಗೊಬ್ಬರು ಹಂಗಾರ ಹೊಡಿ ಎನ್ನುತ್ತಿದ್ದರು.

ಒಂದು ಸಂಜೆ ಕುರ್ಲಾ ಸ್ಟೇಷನ್ನಿನ ಸೇತುವೆಯ ಮೇಲೆ ಆಪಾ ನನ್ನ ಮುಂದೆ ನಡೆಯುತ್ತಿದ್ದರು. ಮೆಟ್ಟಿಲು ಇಳಿಯುವಾಗ ಚಪ್ಪಲಿಯ ತುದಿಯಿಂದ ಪ್ರತಿ ಮೆಟ್ಟಿಲಿನ ಅಂಚು ತಡವಿ ನೋಡುತ್ತಿದ್ದರು. ಹಿಂದಿನಿಂದ ಜನ ತಳ್ಳುತ್ತಿದ್ದರು, ಬಯ್ಯುತ್ತಿದ್ದರು. ನಾನು ಹೋಗಿ ತೋಳು ಹಿಡಿದೆ. ಮುಖ ನೋಡಿದರು, ಆದರೆ ನಾನೆಂದು ಗೊತ್ತಾದದ್ದು ಮಾತಾಡಿದ ಮೇಲೆ. ಶುಗರ್ ಕಣ್ಣಿಗೆ ಹತ್ತಿತ್ತು. ಅದಾಗಲೇ ಅಕ್ಷರ ಕಾಣುತ್ತಿರಲಿಲ್ಲ, ಬಣ್ಣ ಮಾತ್ರ ಹೊಗೆಯೊಳಗೆ ಇದ್ದಂತೆ ಕಾಣುತ್ತಿತ್ತಂತೆ. ಪರದೆಯ ಅಕ್ಷರಗಳನ್ನು ಅಷ್ಟು ದಪ್ಪ ಮಾಡಿ ಇಟ್ಟುಕೊಳ್ಳುತ್ತಿದ್ದದ್ದು, ದಿನಕ್ಕೊಬ್ಬ ವಿದ್ಯಾರ್ಥಿಯನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ ಟೈಪ್ ಮಾಡಿಸುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂರಿಸಿ, ಮಾಲಕರಿಗೆ ಹೇಳಿ ರಜೆ ಹಾಕಿ ಎಂದು ಗದರಿಸಿದೆ.

“ಈ ಬ್ಯಾಚ್ ಮುಗೀಲಿ, ತಮ್ಮಾ. ಆಮ್ಯಾಲ ನಾನ ಹೇಳತೀನಿ. ಈಗ ಹೇಳಿದ್ರ ಕ್ಲಾಸ್ ಮುಚ್ಚತಾರ.”

ನನಗೆ ಒಪ್ಪಿಗೆಯಾಗಲಿಲ್ಲ. ಆದರೆ ಮಾಲಕರಿಗೆ ಹೇಳಲೂ ಇಲ್ಲ. ಇವತ್ತು ಕೇಳಿದರೂ ಹಾಗೆಯೇ ಮಾಡುತ್ತೇನೆ. ಕ್ಲಾಸು ಅವರದು, ಕಣ್ಣೂ ಅವರದು, ಹೇಳಬೇಕಾದವರೂ ಅವರೇ.

ಪರೀಕ್ಷೆ ಹತ್ತಿರ ಬಂದಿತ್ತು. ಆ ದಿನ ಆಪಾರ ಕುರ್ಚಿಯಲ್ಲಿ ಕೂತವಳು ಶಾಲಿನಿ. ಆಂಟಾಪ್ ಹಿಲ್ಲಿನವಳು, ನಮ್ಮ ತುಳುವರ ಪೈಕಿ. ಮೊದಲು ಮೊಬೈಲ್ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದಳು. ಕನ್ನಡ ತಡವರಿಸಿಕೊಂಡು ಮಾತಾಡುತ್ತಾಳೆ, ಆದರೂ ಆಪಾರೊಡನೆ ಕನ್ನಡವೇ ಆಗಬೇಕು ಅವಳಿಗೆ. ಯಾರಾದರೂ ಕೇಳಿದರೆ ಕೇಳಿದವರಿಗೆ ಖುಷಿಯಾಗುವ ಉತ್ತರ ಕೊಡುವ ಹುಡುಗಿ. ಕೌಂಟರಿನಲ್ಲಿ ನಿಂತವರಿಗೆ ಅದು ಅಭ್ಯಾಸವಾಗಿಬಿಡುತ್ತದೆ ಎಂದು ಕಾಣುತ್ತದೆ.

ಒಳಗಿನ ಸರ್ವರಿನ ಡಿಸ್ಕ್ ಪೂರ್ತಿ ಅಳಿಸಿ, ಮತ್ತೆ ಮೊದಲಿನಿಂದ ಎಬ್ಬಿಸುವುದು ಆ ದಿನದ ಪಾಠ. ನಡುವೆ ನೆಟ್ ಒಂದು ಕ್ಷಣ ಹೋಗಿ ಬಂತು. ಒಳಗಿನ ಸಂಪರ್ಕ ಕಡಿದು ಶಾಲಿನಿಯ ಕಿಟಕಿ ಹೊರಗಿನ ಸರ್ವರಿಗೆ ಬಂದು ನಿಂತಿತ್ತು, ಪಟ್ಟಿ ಕೆಂಪಾಗಿತ್ತು. ಅವಳು ನೋಡಲಿಲ್ಲ. ನಾನು ಬಾಗಿಲಲ್ಲಿ ಕೇಬಲ್ ಸುತ್ತುತ್ತಿದ್ದೆ. ಆಪಾ ಎಂದಿನಂತೆ ಎಲ್ಲಿ ಅದೀ ಎಂದರು. ಶಾಲಿನಿ ಎಂದಿನಂತೆ ಒಳಗ ಎಂದಳು. ಅಷ್ಟು ದಿನ ಹೇಳಿ ಹೇಳಿ ಕನ್ನಡದ ಒಳಗ ಕೂಡ ಹಿಂದಿಯ ಅಂದರ್‌ನ ಹಾಗೆ ಬಾಯಿಗೆ ತಾನಾಗಿ ಬರುತ್ತಿತ್ತು. ಅಷ್ಟು ಸಣ್ಣ ಪಟ್ಟಿ ಕೆಂಪೋ ಹಸಿರೋ ಎಂದು ಪರೀಕ್ಷಿಸಲು ಆಪಾರ ಕಣ್ಣಲ್ಲಿ ಬೆಳಕು ಉಳಿದಿರಲಿಲ್ಲ. ಹಂಗಾರ ಹೊಡಿ ಎಂದರು.

ಕೆಲವು ಕ್ಷಣ ಏನೂ ಆಗಲಿಲ್ಲ. ಆಮೇಲೆ ಹಿಂದಿನ ಸಾಲಿನ ಹುಡುಗ ಮ್ಯಾಡಮ್, ನನ್ನದು ನಿಂತುಹೋಯಿತು ಎಂದ. ಪಕ್ಕದವಳದೂ ನಿಂತಿತು. ಒಂದೊಂದಾಗಿ ಎಲ್ಲರ ಪರದೆಗಳೂ ಸ್ತಬ್ಧವಾದವು. ಎಲ್ಲರ ಅಷ್ಟು ವಾರಗಳ ಕೆಲಸ ಹೋಗಿತ್ತು. ಶಾಲಿನಿ ಪರದೆ ನೋಡಿದಳು, ಕೆಂಪು ಪಟ್ಟಿ ಕಂಡಳು, ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಪಾ ಪರದೆಯ ಕಡೆ ತಿರುಗಲೇ ಇಲ್ಲ. ಹುಡುಗರ ದನಿಯಿಂದಲೇ ಅವರಿಗೆ ತಿಳಿದಿತ್ತು. ಮೇಜು ಹಿಡಿದು ಎದ್ದು ನಿಂತು, ಹಿಂದಿಯಲ್ಲಿ, ಎಲ್ಲರಿಗೂ ಕೇಳಿಸುವಂತೆ ಹೇಳಿದರು: ನನಗೆ ಕಣ್ಣು ಕಾಣುವುದಿಲ್ಲ, ಕೆಲವು ತಿಂಗಳಿಂದ. ಇವಳು ಹೇಳಿದ್ದನ್ನು ನಾನು ನೋಡಿ ಪರೀಕ್ಷಿಸಬೇಕಿತ್ತು, ನನ್ನಿಂದ ಆಗಲಿಲ್ಲ.

ಆಮೇಲೆ ನನ್ನ ತೋಳು ಹಿಡಿದು ಮಾಲಕರ ಕೋಣೆಗೆ ಹೋಗಿ ಅಲ್ಲಿಯೂ ಅದನ್ನೇ ಹೇಳಿದರು. ಮಾಲಕರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಬಂದು ಆಪಾರಿಗೆ ಕುರ್ಚಿ ಎಳೆದು ಕೊಟ್ಟರು. ಪರೀಕ್ಷೆಗೆ ಇನ್ನು ದಿನ ಇಲ್ಲವಲ್ಲ, ಎಂತ ಮಾಡುವುದು ಎಂದಷ್ಟೇ ಕೇಳಿದರು. ಹುಡುಗರೇ ಮತ್ತೆ ಎಬ್ಬಿಸುತ್ತಾರೆ, ನಾನು ಮುಟ್ಟುವುದಿಲ್ಲ ಎಂದರು ಆಪಾ. ಮನುಷ್ಯರ ಬಗ್ಗೆ ನನ್ನ ಅಂದಾಜು ಹೀಗೆ ಆಗಾಗ ತಪ್ಪುತ್ತದೆ.

ಮರುದಿನ ಹೊಸ ಸರ್ವರ್ ಬಂತು. ಒಳಗೆ ಸರ್ವರ್ ಎಬ್ಬಿಸುವ ಅಧಿಕಾರ ಅದಕ್ಕೂ ಇರಲಿಲ್ಲ, ಕೇಳಿಯೇ ಪಡೆಯಬೇಕಾಯಿತು. ಕೊಟ್ಟಿದ್ದೇವೆ ಎಂಬ ಉತ್ತರ ಬಂದ ಕೂಡಲೇ ಒಬ್ಬ ಹುಡುಗ ರೀಸ್ಟಾರ್ಟ್ ಮಾಡಲು ಹೋದ. ಬೇಡ, ಪೂರ್ತಿ ಆರಿಸಬೇಕು ಎಂದವಳು ಶಾಲಿನಿ. ಅಲ್ಲಿಯವರೆಗೆ ಅವಳು ಯಾರ ಮುಖವನ್ನೂ ನೋಡಿರಲಿಲ್ಲ. ಆಪಾ ಮೂಲೆಯ ಕುರ್ಚಿಯಲ್ಲಿ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದರು. ಪ್ರಶ್ನೆಗಳು ಮಾತ್ರ ಅವರವು. ಅಂದಿನಿಂದ ನಿಯಮವೊಂದು ಬದಲಾಯಿತು. ಎಲ್ಲಿ ಅದೀ ಎಂಬುದಕ್ಕೆ ಟೈಪ್ ಮಾಡುವವರು ಉತ್ತರ ಕೊಡುವಂತಿಲ್ಲ, ಪಕ್ಕದವರು ಅವರ ಪರದೆ ನೋಡಿ ಹೇಳಬೇಕು. ಹೇಳಿದ ಮೇಲೆ ಆಪಾ ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು: “ನೋಡಿ ಹೇಳಿದಿ?” ನೋಡಿ ಹೇಳಿದೆ ಎಂದರೆ ಮಾತ್ರ ಹಂಗಾರ ಹೊಡಿ. ಅವಸರದಲ್ಲಿ ಹೇಳಿದವರು ಆ ಎರಡನೆಯ ಪ್ರಶ್ನೆಗೆ ನಾಚಿ ಮತ್ತೊಮ್ಮೆ ಪರದೆ ನೋಡುತ್ತಿದ್ದರು. ಶಾಲಿನಿಯನ್ನು ಅವರು ಒಂದು ಮಾತೂ ಬೈಯಲಿಲ್ಲ, ಸಮಾಧಾನವೂ ಮಾಡಲಿಲ್ಲ. ಉಳಿದವರಿಗಿಂತ ಹೆಚ್ಚು ಸಲ ಅವಳನ್ನೇ ಪಕ್ಕದವಳಾಗಿ ಕೂರಿಸಿ ಕೇಳಿದರು, ಅಷ್ಟೆ.

ಪರೀಕ್ಷೆಯ ಹೊತ್ತಿಗೆ ಲ್ಯಾಬು ಎದ್ದು ನಿಂತಿತ್ತು. ಕಂಪನಿಯವರು ಬೇಕೆಂದೇ ಕೆಡಿಸಿ ಕೊಟ್ಟ ಸರ್ವರ್‌ಗಳನ್ನು ನಮ್ಮ ಹುಡುಗರು ಹೆದರದೆ ಸರಿ ಮಾಡಿದರು. ಅದಕ್ಕಿಂತ ದೊಡ್ಡದನ್ನು ಕೆಡಿಸಿ ಎಬ್ಬಿಸಿದವರು ಅವರು. ಶಾಲಿನಿಗೂ ಕೆಲಸವಾಯಿತು. ಕ್ಲಾಸು ಉಳಿಯಿತು. ಮಾಲಕರು ಆಪಾರಿಗೆ, ಸುಮ್ಮನೆ ಬಂದು ಕೂತರೂ ಸಾಕು, ಬನ್ನಿ ಎಂದರು. ಆಪಾ ಒಪ್ಪಲಿಲ್ಲ. ಒಂದೆರಡು ರೊಟ್ಟಿ ಇದ್ದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಯಾರಿಗೂ ಭಾಷಣ ಮಾಡಲು ಬಿಡದೆ ಹೊರಟುಹೋದರು.

ಆಮೇಲೆ ಚಾಳಿನ ಮನೆಗೆ ಆಗಾಗ ಹೋಗುತ್ತಿದ್ದೆ. ಹೋದಾಗಲೆಲ್ಲ ಸರ್ವರಿನ ಸುದ್ದಿಯೇ. ಹೊಸ ಬ್ಯಾಚಿನ ಯಾರೋ ಕೆಡಿಸಿದ್ದಾರೆ ಎಂದರೆ, ಒಳಗಿಂದೋ ಹೊರಗಿಂದೋ ಎಂದು ತಕ್ಷಣ ಕೇಳುತ್ತಿದ್ದರು. ಒಳಗಿನದು ಎಂದರೆ ಮುಖ ಅರಳುತ್ತಿತ್ತು. ಅಷ್ಟರಲ್ಲಿ ಅವರಿಗೆ ಬಣ್ಣವೂ ಕಾಣುತ್ತಿರಲಿಲ್ಲ. ಶುಗರ್ ಕಣ್ಣಿನಿಂದ ಕಿಡ್ನಿಗೆ ಇಳಿದಿತ್ತು.

ಕೊನೆಯ ಸಲ ಅವರನ್ನು ನೋಡಿದ್ದು ಆಸ್ಪತ್ರೆಯಲ್ಲಿ, ಮಧ್ಯಾಹ್ನದ ಭೇಟಿಯ ಹೊತ್ತಿನಲ್ಲಿ. ಶಾಲಿನಿ ಆಫೀಸಿಗೆ ರಜೆ ಹಾಕಿ ಬಂದಿದ್ದಳು. ಬಾಗಿಲಲ್ಲೇ ಆಪಾರ ಮಗ ನಮ್ಮನ್ನು ತಡೆದ. ಅಪ್ಪನ ಹಾಗೆ ಎಸಿ ರಿಪೇರಿ ಮಾಡುವವನು, ಒಳ್ಳೆಯವನು, ಅತ್ತು ಅತ್ತು ಕಣ್ಣು ಊದಿತ್ತು. ಡಾಕ್ಟರು ಆಸೆ ಬಿಟ್ಟಿದ್ದಾರೆ, ಅಮ್ಮಿಗೆ ಮಾತ್ರ ಸಾದಾ ವಾರ್ಡಿನಲ್ಲಿದ್ದೀಯ, ನಾಳೆ ಮನೆಗೆ ಹೋಗೋಣ ಎಂದಿದ್ದೇನೆ, ನೀವೂ ಹಾಗೆಯೇ ಹೇಳಿ ಎಂದು ಹಿಂದಿಯಲ್ಲಿ ಕೈಮುಗಿದು ಕೇಳಿಕೊಂಡ. ನಾನು ಆಯಿತು ಎಂದೆ. ಶಾಲಿನಿ ತಲೆ ತಗ್ಗಿಸಿದಳು.

ಆಪಾ ಬಹಳ ಸಣ್ಣಗಾಗಿದ್ದರು. ಕೈ ಚಾದರದ ಮೇಲೆ ಏನನ್ನೋ ಹುಡುಕುತ್ತ ಓಡಾಡುತ್ತಿತ್ತು. ನಾನು ಹೇಗಿದ್ದೀರಿ ಎಂದೆ, ನಾಳೆ ಮನೆಗೆ ಹೋಗುವುದಂತಲ್ಲ ಎಂದೆ. ನನ್ನ ದನಿ ನನಗೇ ಹಿಡಿಸಲಿಲ್ಲ. ಅವರಿಗೂ ಹಿಡಿಸಿರಲಿಕ್ಕಿಲ್ಲ. ಪಕ್ಕದಲ್ಲಿ ಯಾರು ಎಂದು ಕೇಳಿದರು. ಶಾಲಿನಿ ತನ್ನ ಹೆಸರು ಹೇಳಿದಳು.

“ಬಾಜೂದಾಕಿ ನೀನ ಏನು? ಹಂಗಾರ ನೀ ಹೇಳು. ನಾ ಎಲ್ಲಿ ಅದೀನಿ?”

ನಾನು ಶಾಲಿನಿಗೆ ಕಣ್ಣಲ್ಲೇ ಬೇಡ ಎಂದೆ. ಅವಳು ನನ್ನನ್ನು ನೋಡಲಿಲ್ಲ. ತಲೆಯೆತ್ತಿ ಬಾಗಿಲ ಮೇಲಿನ ಬೋರ್ಡು ನೋಡಿದಳು. ಹಾಸಿಗೆಯ ಪಕ್ಕದ ಯಂತ್ರ ನೋಡಿದಳು, ಅದರಿಂದ ಆಪಾರ ಕೈಗೆ ಬಂದಿದ್ದ ನಳಿಗೆ ನೋಡಿದಳು. ಅವಸರ ಮಾಡಲಿಲ್ಲ.

“ಐಸಿಯು, ಆಪಾ. ಬೋರ್ಡ್ ಮೇಲೆ ಬರೆದಿದೆ. ನಿಮ್ಮ ಪಕ್ಕ ಮಷಿನ್ ಉಂಟು, ಚಾಲೂ ಉಂಟು. ನಾಳೆ ಮನೆಗೆ... ಡಾಕ್ಟರ್ ಹಾಗೆ ಹೇಳಲಿಲ್ಲ.”

“ನೋಡಿ ಹೇಳಿದಿ?”

“ನೋಡಿ ಹೇಳಿದೆ, ಆಪಾ.”

ಚಾದರದ ಮೇಲೆ ಓಡಾಡುತ್ತಿದ್ದ ಕೈ ನಿಂತಿತು. ಶಾಲಿನಿ ಅದನ್ನು ಹಿಡಿದುಕೊಂಡಳು. ಆಪಾ, ಹಂಗಾರ ಛಲೋ ಆತು ಎಂದರು, ಮಗನನ್ನು ಒಳಗೆ ಕಳಿಸಿ ಎಂದರು. ನಾವು ಹೊರಗೆ ಬಂದು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತೆವು. ಅವನು ಒಳಗೆ ಹೋಗಿ ಬಹಳ ಹೊತ್ತು ಇದ್ದ. ಅಮ್ಮ ಮಗ ದಖ್ಖನಿ ಉರ್ದುವಿನಲ್ಲಿ ಮೆಲ್ಲಗೆ ಮಾತಾಡುವುದು ಬಾಗಿಲು ತೆರೆದಾಗಲೆಲ್ಲ ಕೇಳಿಸುತ್ತಿತ್ತು. ನನಗೆ ಶಾಲಿನಿಯ ಮೇಲೆ ಸಿಟ್ಟು ಬಂದಿತ್ತು, ಅವಳು ಅಳುತ್ತಿದ್ದುದರಿಂದ ಬಯ್ಯಲಿಲ್ಲ.

ಮಗ ಹೊರಗೆ ಬಂದಾಗ ಅವನ ಮುಖ ಬೇರೆಯೇ ಆಗಿತ್ತು. ಅಮ್ಮಿ ನನ್ನ ಹತ್ತಿರ ಎಲ್ಲ ಮಾತಾಡಿದಳು, ಇಂಡಿಯ ಮನೆಯ ವಿಷಯ, ಅಬ್ಬಾನ ವಿಷಯ, ಇಷ್ಟು ವರ್ಷ ಹೇಳದೆ ಇದ್ದದ್ದೆಲ್ಲ, ನಾನೂ ಹೇಳಿದೆ ಎಂದ. ಶಾಲಿನಿಯ ಮುಂದೆ ನಿಂತು ಅವಳ ತಲೆಯ ಮೇಲೆ ಕೈಯಿಟ್ಟ.

ಮರುದಿನ ಬೆಳಿಗ್ಗೆ ಆಪಾ ತೀರಿಕೊಂಡರು. ತಾವು ಎಲ್ಲಿದ್ದೇವೆಂದು ಗೊತ್ತಿದ್ದೇ ಹೋದರು.